ಸಾಗವಾನಿ ಪೆನ್ನು

“ಅದನ್ನ ಮುಟ್ಟಬ್ಯಾಡ್ರಿ ಅಳಿಯಾರ!”

ಗಂಡನ ಹೆಣದ ತಲೆಯ ಬಳಿ ಬೆಳಗಿನಿಂದ ಕೂತಲ್ಲೇ ಕೂತಿದ್ದ ಅಮರಮ್ಮ ತೆರೆದ ಹಿಂಬಾಗಿಲ ಕಡೆ ನೋಡಿ ಕೂಗಿ, ಎದ್ದು ಓಡಿದಳು. ಅಳುತ್ತಿದ್ದ ಹೆಂಗಸರು ಅಳುವುದನ್ನೇ ಮರೆತರು. ಹಿತ್ತಲ ತಗಡಿನ ಶೆಡ್ಡಿನಲ್ಲಿ ಅಳಿಯ ಸುಭಾಷ್, ಮರ ಕಡೆಯುವ ಲೇತಿನ ಹಿಂದೆ ಗೋಣಿತಟ್ಟು ಸುತ್ತಿಟ್ಟಿದ್ದ ಉದ್ದನೆಯ ಮರವೊಂದನ್ನು ಎಳೆಯುತ್ತಿದ್ದ.

“ಮಾವಗ ಜಳಕಾ ಮಾಡಿಸಾಕ ಹಲಗಿ ಬೇಕಾಗೇತ್ರಿ ಅತ್ತಿ. ಇದು ಭಾಳ ಗಟ್ಟಿ ಐತಿ.”

“ಬಾನುಬೀ ಮನ್ಯಾಗ ಬೆಂಚು ಐತಿ, ಅದನ್ನ ತರ್ರಿ. ಇದು ಬ್ಯಾಡ.”

ಸುಭಾಷ್ ಬೆಂಚು ತರಲು ಹೋದ. ಅಮರಮ್ಮ ಸರಿದ ಗೋಣಿಯನ್ನು ಮತ್ತೆ ಮರದ ಮೇಲೆ ಎಳೆದು ಮುಚ್ಚಿದಳು. ಲೇತಿನ ಮೇಲೆ ಅರ್ಧ ಕಡೆದ ಪೆನ್ನೊಂದು ಹಾಗೇ ಇತ್ತು. ನಿನ್ನೆ ಸಂಜೆ ಎದೆ ಹಿಡಿದುಕೊಂಡು ಒಳಗೆ ಬಂದ ಗಂಡ ಹುಲಗಪ್ಪ ಮೋಟಾರು ಮಾತ್ರ ಮರೆಯದೆ ಆರಿಸಿದ್ದ.

ಭಾಗ್ಯನಗರದಲ್ಲಿ ಹುಲಗಪ್ಪನನ್ನು ಅರಿಯದವರು ಇರಬಹುದು, ಅವನ ಪೆನ್ನನ್ನು ಅರಿಯದವರಿಲ್ಲ. ಬದುಕೆಲ್ಲ ಗಂಗಾವತಿ, ಕುಷ್ಟಗಿ ಎಂದು ಸರ್ಕಾರಿ ಬಸ್ಸು ಓಡಿಸಿದವನಿಗೆ ನಿವೃತ್ತಿಗೆ ಮುಂಚೆಯೇ ಈ ಹುಚ್ಚು ಹತ್ತಿತ್ತು. ಕೆಟ್ಟ ಗ್ರೈಂಡರಿನ ಮೋಟಾರು ಬಿಚ್ಚಿ ತಾನೇ ಲೇತು ಮಾಡಿಕೊಂಡ. ಬೆರಳು ದಪ್ಪದ ಮರದ ತುಂಡಿಗೆ ಉದ್ದಕ್ಕೂ ತೂತು ಕೊರೆದು, ಒಳಗೆ ಹಿತ್ತಾಳೆಯ ಕೊಳವೆ ಅಂಟಿಸಿ, ಲೇತಿಗೇರಿಸಿ ಉಳಿ ಹಿಡಿದನೆಂದರೆ ಊಟಕ್ಕೆ ಕರೆದರೂ ಕೇಳಿಸುತ್ತಿರಲಿಲ್ಲ. ಮದುವೆಗೆ ಜನ ಪಾತ್ರೆ ಒಯ್ದರೆ ಈತ ಪೆನ್ನು ಒಯ್ಯುತ್ತಿದ್ದ. ಓದು ಬರಹ ಬಾರದವರಿಗೂ ಕೊಡುತ್ತಿದ್ದ. ಅವರು ಅದರಿಂದ ಕಿವಿ ತುರಿಸಿಕೊಂಡರೂ ಅವನಿಗೆ ಬೇಸರವಿರಲಿಲ್ಲ.

“ಅಮರಕ್ಕಾ,” ನೆರೆಮನೆಯ ಬಾನುಬೀ ಶೆಡ್ಡಿನ ಬಾಗಿಲಿಗೆ ಬಂದು ದನಿ ತಗ್ಗಿಸಿದಳು, “ಹೊರಗ ಯಾಕೋ ಛಲೋ ಕಾಣವಲ್ದು. ನಿಮ್ಮ ಭಾವ ವಿರುಪಣ್ಣ ಹಟ ಹಿಡಿದು ಕುಂತಾರ. ತಮ್ಮ ದುರುಗೇಶ ಹೆಗಲು ಕೊಟ್ರ ನಾ ಕೊಡೂದಿಲ್ಲ ಅಂತಾರ.”

“ದುರುಗೇಶ ಏನಂತಾನ?”

“ಅವಂದೂ ಅದ ಮಾತು. ಹಿರಿಯ ಮುಟ್ಟಿದ ಸಿದಿಗಿ ನಾ ಮುಟ್ಟೂದಿಲ್ಲ ಅಂತಾನ.”

ಅಮರಮ್ಮ ಇದನ್ನು ನಿರೀಕ್ಷಿಸಿದ್ದಳು.

*

ಎಷ್ಟೋ ವರ್ಷಗಳ ಹಿಂದೆ ಹನುಮಸಾಗರದ ಹಳೆಯ ಮನೆ ಕೆಡವಿ ಪಾಲು ಮಾಡಿಕೊಂಡಾಗ ಅಣ್ಣತಮ್ಮಂದಿರ ಕಣ್ಣೆಲ್ಲ ಇದ್ದದ್ದು ತಲಬಾಗಿಲ ಚೌಕಟ್ಟಿನ ಮೇಲೆ. ಅಜ್ಜ ಮಾಡಿಸಿದ ಸಾಗವಾನಿ. ಹೊಸ್ತಿಲ ನಟ್ಟನಡುವೆ ನಿಜಾಮನ ಕಾಲದ ತಾಮ್ರದ ನಾಣ್ಯವೊಂದನ್ನು ಮೊಳೆ ಹೊಡೆದು ಕೂರಿಸಿದ್ದರು. ಶುಕ್ರವಾರ ಬಂದರೆ ಅವ್ವ ಅದಕ್ಕೆ ಅರಿಸಿನ ಹಚ್ಚುತ್ತಿದ್ದಳು. ಆಟದ ಗುಂಗಿನಲ್ಲಿ ಯಾವ ಮಗ ಅದನ್ನು ತುಳಿದರೂ ಬೆನ್ನಿಗೆ ಗುದ್ದು ಬೀಳುತ್ತಿತ್ತು: “ಹೊಸ್ತಿಲಾ ಐತಿ, ಕಾಲೆತ್ತು ಕತ್ತಿ!”

ಹಿರಿಯನಾದ ತನಗೇ ಅದು ಸೇರಬೇಕೆಂದ ವಿರುಪಣ್ಣ. ಅವ್ವನನ್ನು ಕೊನೆತನಕ ನೋಡಿಕೊಂಡವನು ತಾನೆಂದ ಕಿರಿಯ ದುರುಗೇಶ. ಮಾತು ಕೈಗೆ ಬರುವ ಹಾಗಿತ್ತು. ನಡುವಿನವನಾದ ಹುಲಗಪ್ಪ ಒಂದು ನಸುಕಿನಲ್ಲಿ ಯಾರಿಗೂ ಹೇಳದೆ ಆ ಚೌಕಟ್ಟನ್ನು ಟೆಂಪೊದಲ್ಲಿ ಹಾಕಿಕೊಂಡು ಭಾಗ್ಯನಗರಕ್ಕೆ ಬಂದ.

“ನಾಕು ದಿನ ಇಲ್ಲಿರ್ಲಿ. ಇಬ್ಬರ ಸಿಟ್ಟೂ ಇಳೀಲಿ, ನಾನ ಒಯ್ದು ಕೊಡ್ತೀನಿ,” ಎಂದ. ಅಮರಮ್ಮ ಒಂದು ತುದಿ ಹಿಡಿದು ಇಳಿಸಿದಳು.

ಸಿಟ್ಟು ನಾಲ್ಕು ದಿನ ಕಾಯಲಿಲ್ಲ. ಅದೇ ಬೆಳಿಗ್ಗೆ ವಿರುಪಣ್ಣ ಕಿರಿಯ ತಮ್ಮನನ್ನೇ ಕಳ್ಳನೆಂದು ಬಡಿಗೆಯಿಂದ ಹೊಡೆದ. ದುರುಗೇಶನ ಬಲಗೈಯ ತೋರುಬೆರಳು ಮುರಿದು ಮತ್ತೆ ಮಡಚಲೇ ಇಲ್ಲ. ಹಿರಿಯರು ಸೇರಿ ಮೂವರನ್ನೂ ಹುಲಿಗಿಯ ಅಮ್ಮನ ಗುಡಿಗೆ ಕರೆದೊಯ್ದರು. ಹೊಳೆಯಲ್ಲಿ ಮುಳುಗೆದ್ದು ಒದ್ದೆ ಬಟ್ಟೆಯಲ್ಲಿ ಅಮ್ಮನ ಮುಂದೆ ನಿಂತ ದುರುಗೇಶ, ಅಂಗೈ ಮೇಲೆ ಕರ್ಪೂರ ಹಚ್ಚಿಕೊಂಡು, ತಾನು ಕದ್ದಿಲ್ಲವೆಂದು ಆಣೆ ಮಾಡಿದ. “ಸುಳ್ಳಾಣಿ!” ಎಂದು ವಿರುಪಣ್ಣ ಉಗಿದು ಹೊರಟುಹೋದ. ಪಕ್ಕದಲ್ಲೇ ನಿಂತಿದ್ದ ಹುಲಗಪ್ಪ ಬಾಯಿ ತೆರೆದ, ಮತ್ತೆ ಮುಚ್ಚಿದ. ಆಮೇಲೆ ತೆರೆಯುವ ಧೈರ್ಯ ಬರಲೇ ಇಲ್ಲ.

ಎಷ್ಟೋ ತಿಂಗಳು ಚೌಕಟ್ಟು ಶೆಡ್ಡಿನಲ್ಲಿ ಬಿದ್ದಿತ್ತು. ಒಂದು ದಿನ ಅದರ ಕಂಬಕ್ಕೆ ಗರಗಸ ಹಾಕಿದ. ಮೊದಲು ಕಡೆದ ಎರಡು ಪೆನ್ನು ಅಣ್ಣನಿಗೊಂದು, ತಮ್ಮನಿಗೊಂದು ಹೋದವು. “ಇಡಿಯಾಗಿ ಕೊಡಾಕ ಆಗಲಿಲ್ಲ. ಹಿಂಗಾದ್ರೂ ಇಬ್ಬರ ಮನಿಗೂ ಹೋಗ್ಲಿ,” ಎಂದ. ನಂತರ ಅವರ ಮಕ್ಕಳಿಗೆ, ಸೊಸೆಯರಿಗೆ, ಮೊಮ್ಮಕ್ಕಳಿಗೆ. ಕಂಬಗಳು ಮುಗಿದವು, ಮೇಲಿನ ಪಟ್ಟಿ ಮುಗಿಯುತ್ತ ಬಂತು. ಹೊಸ್ತಿಲಿಗೆ ಮಾತ್ರ ಅವನು ಗರಗಸ ಮುಟ್ಟಿಸಲಿಲ್ಲ.

“ನಾ ಸತ್ತ ದಿನ ಇಬ್ಬರೂ ಹೆಗಲು ಕೊಡಬೇಕು ನೋಡು. ನನಗ ಮತ್ತೇನೂ ಬ್ಯಾಡ,” ಎಂದು ಆಗಾಗ ಹೇಳುತ್ತಿದ್ದ.

“ಹಂಗಾದ್ರ ಬದುಕಿದ್ದಾಗ ಬಾಯಿ ಬಿಡ್ರಿ,” ಎಂದರೆ ಲೇತು ಚಾಲೂ ಮಾಡಿಬಿಡುತ್ತಿದ್ದ. ಆ ಸದ್ದಿನಲ್ಲಿ ಹೆಂಡತಿಯ ಮಾತು ಕೇಳಬೇಕಾಗಿರಲಿಲ್ಲ.

*

ಜಳಕವಾಯಿತು, ಹೂವಾಯಿತು. ಅಂಗಳದಲ್ಲಿ ಬಿದಿರಿನ ಸಿದಿಗೆ ಕಟ್ಟಿ ಹುಲಗಪ್ಪನನ್ನು ಮಲಗಿಸಿದರು. ಅಣ್ಣತಮ್ಮಂದಿರು ಒಬ್ಬರಾದ ಮೇಲೊಬ್ಬರು ಬಂದು ಮುಖ ನೋಡಿ ಮತ್ತೆ ಹೊರಗೆ ಹೋಗಿ ಕೂತರು. ವಿರುಪಣ್ಣ ಗೇಟಿನ ಬಲಕ್ಕೆ ಬೇವಿನ ಕೆಳಗೆ, ದುರುಗೇಶ ರಸ್ತೆಯಾಚೆ ಅಂಗಡಿಯ ಕಟ್ಟೆಯ ಮೇಲೆ. ಇಬ್ಬರ ಕಿಸೆಯಲ್ಲೂ ಒಂದೇ ಬಣ್ಣದ ಪೆನ್ನು ಇಣುಕುತ್ತಿತ್ತು.

“ಹೊತ್ತು ಮುಳುಗೂದ್ರಾಗ ಮಣ್ಣಾಗಬೇಕ್ರಿ,” ಸುಭಾಷ್ ಅವರಿಬ್ಬರ ನಡುವೆ ಅಲೆದಾಡಿ ಸೋತು ಬಂದಿದ್ದ. “ಓಣಿ ಹುಡುಗರು ಅದಾರ ಅತ್ತಿ. ನಾನೂ ಅದೀನಿ. ಅವರಿಬ್ಬರನ್ನ ಬಿಟ್ಟು ಎತ್ತಿಬಿಡೂಣು.”

“ದೊಡ್ಡಪ್ಪ ಏನಂತಾನ?” ಮಗಳು ದೀಪಿಕಾ ಕಣ್ಣೊರೆಸಿಕೊಂಡು ಕೇಳಿದಳು.

“ಮುಂದಿನ ಹೆಗಲು ಹಿರಿಯಂದು, ಅದನ್ನ ಯಾರಿಗೂ ಬಿಟ್ಟುಕೊಡೂದಿಲ್ಲ ಅಂತಾರ. ಅವನನ್ನ ಮೊದಲು ಕಳಸ್ರಿ ಅಂತಾರ.”

ಅಮರಮ್ಮ ಗಂಡನ ಮುಖ ನೋಡಿದಳು. ಬಾಯಿ ಬಿಟ್ಟರೆ ಇವನು ಕಳ್ಳನಾಗಿ ಮಣ್ಣಿಗೆ ಹೋಗುತ್ತಾನೆ. ಬಿಡದಿದ್ದರೆ ಬೇಡಿದ್ದೊಂದೂ ಸಿಗದೆ ಹೋಗುತ್ತಾನೆ. ಅವಳಿಗೆ ಸತ್ತವನ ಮೇಲೆ ಸಿಟ್ಟು ಬಂತು. ಇಷ್ಟು ವರ್ಷ ತಾನು ಹೊರಲಾರದ್ದನ್ನು ಇವತ್ತು ಹೆಂಡತಿಯ ತಲೆಗೆ ಕಟ್ಟಿ ಸುಮ್ಮನೆ ಮಲಗಿದ್ದಾನಲ್ಲ!

“ಬಾನುಬೀ, ಬಾ. ಒಂದು ತುದಿ ಹಿಡಿ.”

ಇಬ್ಬರು ಹೆಂಗಸರು ಏದುಸಿರು ಬಿಡುತ್ತ ಗೋಣಿತಟ್ಟಿನ ಮರವನ್ನು ಅಂಗಳ ದಾಟಿಸಿ ತಂದು ಗೇಟಿಗೆ ಅಡ್ಡಲಾಗಿ ಇಟ್ಟರು. ಅಮರಮ್ಮ ಗೋಣಿ ಕಿತ್ತೆಸೆದಳು. ಬಿಸಿಲಿಗೆ ತಾಮ್ರದ ನಾಣ್ಯ ಮಿಂಚಿತು.

“ಬರ್ರಿ ಭಾವಾರ. ನೀನೂ ಬಾ ದುರುಗಪ್ಪಾ. ನಿಮ್ಮವ್ವನ ಹೊಸ್ತಿಲಾ ಇಲ್ಲೈತಿ.”

ವಿರುಪಣ್ಣ ಬಂದು ಕುಕ್ಕರುಗಾಲಲ್ಲಿ ಕೂತು ನಾಣ್ಯವನ್ನು ಹೆಬ್ಬೆರಳಿನಿಂದ ಉಜ್ಜಿದ. “ಇದು ಇಲ್ಲಿ ಹ್ಯಾಂಗ ಬಂತು?”

“ನಿಮ್ಮ ತಮ್ಮ ತಂದ್ರು. ನಾನ ಹಿಡಿದು ಇಳಿಸೀನಿ. ಜಗಳ ಆರಲಿ ಅಂತ ತಂದ್ರು, ಅದು ಹೊತ್ತಿಕೊಂತು. ಕಂಬ, ಪಟ್ಟಿ ಎಲ್ಲಾ ಪೆನ್ನಾಗಿ ನಿಮ್ಮ ನಿಮ್ಮ ಮನಿಗೆ ಬಂದಾವ. ನಿಮ್ಮ ಕಿಸೇದಾಗಿರೂದೂ ಅದ.”

“ಅಯ್ಯ, ಹುಲಗಪ್ಪನ ಕದ್ದಿದ್ದನ?” ಗುಂಪಿನಲ್ಲಿ ಯಾರೋ ಅಂದರು. ಅಮರಮ್ಮ ತಲೆ ತಗ್ಗಿಸಲಿಲ್ಲ.

ದುರುಗೇಶ ರಸ್ತೆ ದಾಟಿ ಬಂದವನು ಹೊಸ್ತಿಲಿನಿಂದ ದೂರವೇ ನಿಂತ. “ನನ್ನ ಕೈಯಾಗ ಕರ್ಪೂರ ಉರಿಯೂವಾಗ ಅವ ನನ್ನ ಬಾಜೂಕ ನಿಂತಿದ್ದ, ಅತ್ತಿಗೆವ್ವಾ. ನೋಡಿಕೋತ ನಿಂತಿದ್ದ.”

“ಹೌದು. ಅವತ್ತಿನಿಂದ ಅವರು ನೆಮ್ಮದೀಲೆ ಉಂಡಿಲ್ಲ, ನಾನೂ ಉಂಡಿಲ್ಲ. ಹಂಗಂತ ನಿನ್ನ ಬೆರಳು ಮತ್ತ ಮಡಚೂದಿಲ್ಲ, ಗೊತ್ತೈತಿ.”

ದುರುಗೇಶ ಕಿಸೆಯಿಂದ ಪೆನ್ನು ತೆಗೆದು ಕಂಪೌಂಡಿನ ಗೋಡೆಯ ಮೇಲಿಟ್ಟ. ತಿರುಗಿ ಬಸ್ಸು ನಿಲ್ಲುವ ಕಡೆಗೆ ನಡೆದ. ಯಾರೂ ತಡೆಯಲಿಲ್ಲ. ಗಂಡನ ಮರ್ಯಾದೆಯನ್ನೂ ಕಳೆದೆ, ಹೆಗಲೂ ಸಿಗಲಿಲ್ಲ ಎಂದುಕೊಂಡಳು ಅಮರಮ್ಮ. ಬಾನುಬೀ ಅವಳ ತೋಳು ಹಿಡಿದುಕೊಂಡಳು.

“ದುರುಗ್ಯಾ!”

ಕೂಗಿದ್ದು ವಿರುಪಣ್ಣ. ಇಷ್ಟು ವರ್ಷ ‘ಅವ’ ಎಂದೇ ಕರೆದ ಬಾಯಿ ಅದು. ದುರುಗೇಶ ನಿಂತ, ತಿರುಗಲಿಲ್ಲ.

“ಅವ ಸುಮ್ಮನಿದ್ದ, ಖರೇ. ಹೊಡೆದಾವ ನಾನು.” ಮುದುಕ ಮೊಣಕಾಲ ಮೇಲೆ ಕೈಯೂರಿ ಎದ್ದ. “ಮುಂದಿನ ಹೆಗಲು ನೀ ಕೊಡು. ನಾ ಹಿಂದ ನಿಲ್ತೀನಿ.”

ವಿರುಪಣ್ಣ ತಮ್ಮನ ಉತ್ತರಕ್ಕೆ ಕಾಯಲಿಲ್ಲ. ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ದಾಟಿ ಒಳಗೆ ಬಂದು ಸಿದಿಗೆಯ ಹಿಂತುದಿಗೆ ನಿಂತ. ಮುಂದಿನ ಬಲಗಡೆಯ ಜಾಗ ಖಾಲಿ ಇತ್ತು. ಓಣಿಯ ಹುಡುಗನೊಬ್ಬ ಅಲ್ಲಿಗೆ ಹೋಗಲು ನೋಡಿದಾಗ ಸುಭಾಷ್ ಅವನ ಅಂಗಿ ಹಿಡಿದು ನಿಲ್ಲಿಸಿದ.

ದುರುಗೇಶ ಬಂದ. ಬರುವಾಗ ಗೋಡೆಯ ಮೇಲಿನ ಪೆನ್ನನ್ನು ನೋಡಿದ, ಮುಟ್ಟಲಿಲ್ಲ. ಯಾರ ಮುಖವನ್ನೂ ನೋಡದೆ ಬಗ್ಗಿ ಬಿದಿರಿಗೆ ಹೆಗಲು ಕೊಟ್ಟ. ಅವನ ಬೆರಳೊಂದು ಬಿದಿರನ್ನು ಹಿಡಿಯಲಾರದೆ ನೆಟ್ಟಗೆ ನಿಂತಿತ್ತು. ಅದೇ ಬಿದಿರನ್ನು ಹಿಂದಿನಿಂದ ಅಣ್ಣ ಹಿಡಿದಿದ್ದ. ಸುಭಾಷನೂ ಓಣಿಯ ಹುಡುಗನೊಬ್ಬನೂ ಎಡಕ್ಕೆ ನಿಂತರು. ಸಿದಿಗೆ ಮೇಲೆದ್ದಿತು.

ಗೇಟು ಬಂತು. ಸಿದಿಗೆಯ ಮರೆಯಲ್ಲಿದ್ದ ವಿರುಪಣ್ಣನಿಗೆ ಕೆಳಗಿನದು ಕಾಣುತ್ತಿರಲಿಲ್ಲ. ಹೊಸ್ತಿಲು ದಾಟಿದ ದುರುಗೇಶ ಹಿಂದೆ ತಿರುಗದೆಯೇ ಹೇಳಿದ:

“ಹೊಸ್ತಿಲಾ ಐತಿ. ಕಾಲೆತ್ತು.”

ವಿರುಪಣ್ಣ ಆಟದಿಂದ ಮನೆಗೆ ಬಂದ ಹುಡುಗನ ಹಾಗೆ, ಬೇಕಾದದ್ದಕ್ಕಿಂತ ಎತ್ತರಕ್ಕೆ ಕಾಲೆತ್ತಿ ದಾಟಿದ.