ಬೋರಲು ಹಾಕಿದ ಲೋಟ

ಭಾಗ್ಯ ಬ್ರಾಂಡಿ ಬಾಟಲಿಯನ್ನು ಸತ್ತ ಹಲ್ಲಿಯನ್ನು ಎತ್ತುವಂತೆ ಎರಡೇ ಬೆರಳಲ್ಲಿ ಹಿಡಿದು, ಮಾವನ ಫೋಟೋದ ಮುಂದಿದ್ದ ಗಾಜಿನ ಲೋಟಕ್ಕೆ ಬಗ್ಗಿಸಿದಳು. ಬಾಳೆಲೆಯ ಮೇಲೆ ಮುದ್ದೆ, ಮಟನ್ ಸಾರು, ಕಜ್ಜಾಯ, ಒಂದು ಕಟ್ಟು ಬೀಡಿ. ಬಾಟಲಿಯಲ್ಲಿ ಉಳಿದದ್ದನ್ನು ಬಚ್ಚಲಿಗೆ ಸುರಿದು ಮೇಲೆ ಎರಡು ಚೆಂಬು ನೀರು ಹೊಯ್ದು ಬಂದಳು. ಅವಳ ಗಂಡ ಲಕ್ಷ್ಮೀಶ ಬಾಗಿಲಲ್ಲೇ ನಿಂತು ಏಲಕ್ಕಿ ಅಗಿಯುತ್ತಿದ್ದ. ಅವನು ಕುಡಿತ ಬಿಟ್ಟು ಅಂದಿಗೆ ತೊಂಬತ್ತೇಳು ದಿನ.

ಚಾಮರಾಜಪೇಟೆಯ ಆ ಬೀದಿಯಲ್ಲಿ ಪಿತೃಪಕ್ಷದ ಅಮಾವಾಸ್ಯೆಯ ಮಧ್ಯಾಹ್ನ ಎಲ್ಲರ ಮನೆಯಲ್ಲೂ ನಡೆಯುವುದು ಇದೇ. ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡಬೇಕು. ಹಿರಿಮಗ ಧೂಪ ಹಾಕಿ ಕಡೆಯಲ್ಲಿ ಹೊರಬರಬೇಕು. ಬಾಗಿಲು ಮುಚ್ಚಿ ಎಲ್ಲರೂ ಕಾಲು ಗಂಟೆ ಹೊರಗೆ ಕೂರಬೇಕು. ಲಕ್ಷ್ಮೀಶನ ಅಪ್ಪ ಮುನಿರಾಮಪ್ಪ ಲಿವರ್ ಕೆಟ್ಟು ಸತ್ತ ಮೇಲೆ ಏಳು ಎಡೆ ಆಗಿದ್ದವು, ಏಳು ಸಲವೂ ಬಾಗಿಲು ತೆಗೆದಾಗ ಲೋಟ ತಳ ಕಂಡಿತ್ತು. “ಬಂದಿದ್ರು ನೋಡು” ಎಂದು ಅವನ ಹೆಂಡತಿ ಪಾರ್ವತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಆಮೇಲೆ ವರ್ಷವಿಡೀ ಆ ಒಂದು ಮಾತಿನ ಬಲದಲ್ಲೇ ಗೆಲುವಾಗಿರುತ್ತಿದ್ದಳು. ಗಂಡ ಬಂದಿದ್ದನೋ ಇಲ್ಲವೋ ದೇವರಿಗೇ ಗೊತ್ತು, ಕುಡಿದವನು ಮಾತ್ರ ಧೂಪ ಹಾಕಲು ಹಿಂದುಳಿದ ಮಗರಾಯ.

ಲಕ್ಷ್ಮೀಶ ಇದನ್ನು ಬಾಯಿಬಿಟ್ಟು ಹೇಳಿದ್ದು ಒಬ್ಬರಿಗೇ, ಆಸ್ಪತ್ರೆಯ ಕೌನ್ಸೆಲರ್ ರಂಜಿನಿ ಮೇಡಂಗೆ. ಅವರು ಬೈಯಲಿಲ್ಲ. ಒಂದು ನೋಟ್‌ಬುಕ್ ಕೊಟ್ಟು, “ಕುಡೀಬೇಕು ಅನ್ಸಿದಾಗ ತಲೇಲಿ ಏನು ಮಾತು ಬರತ್ತೋ ಹಾಗೇ ಬರೀರಿ. ಅದು ನಿಜ ಅನ್ನೋಕೆ ಏನು ಸಾಕ್ಷಿ, ಅಲ್ಲ ಅನ್ನೋಕೆ ಏನು ಸಾಕ್ಷಿ, ಪಕ್ಕದಲ್ಲಿ ಬರೀರಿ. ಬರೆದು ಮುಗಿಯೋ ತನಕ ಕೂತಲ್ಲಿಂದ ಏಳ್ಬೇಡಿ” ಎಂದಿದ್ದರು. ಪುಟಪುಟವೂ ಒಂದೇ ಮಾತು ಬಂದಿತ್ತು: ‘ಕುಡಿಯೋದು ನಾನಲ್ಲ, ನನ್ನೊಳಗಿರೋ ಅಪ್ಪ.’ ‘ಅಲ್ಲ’ ಎನ್ನುವ ಕಾಲಂನಲ್ಲಿ ಅವನೇ ಕಷ್ಟಪಟ್ಟು ಬರೆದಿದ್ದ: ‘ಅಂಗಡಿಗೆ ನಡೆದದ್ದು ನನ್ನ ಕಾಲು. ಮುಚ್ಚಳ ತಿರುವಿದ್ದು ನನ್ನ ಕೈ.’

ಇವತ್ತು ಲೋಟ ತುಂಬಿದ್ದರೆ ಅಮ್ಮನ ಪಾಲಿಗೆ ಗಂಡ ಬರಲಿಲ್ಲ ಎಂದೇ ಅರ್ಥ. ಅವನೇ ಖಾಲಿ ಮಾಡಿದರೆ ತೊಂಬತ್ತೇಳು ದಿನ ಮಣ್ಣುಪಾಲು. ಇನ್ನೊಂದೇ ಒಂದು ಸಲ ಮುಟ್ಟಿದರೂ ಮತ್ತಿಕೆರೆಯ ತವರಿಗೆ ಹೋದವಳು ತಿರುಗಿ ಬರುವುದಿಲ್ಲ ಎಂದು ಭಾಗ್ಯ ಹೇಳಿಯಾಗಿತ್ತು. ಅಮ್ಮನಿಗೆ ನಿಜ ಹೇಳಿಬಿಡೋಣವೆಂದು ಬೆಳಗಿನಿಂದ ಮೂರು ಸಲ ಬಾಯಿ ತೆರೆದು, ಮೂರು ಸಲವೂ ಏಲಕ್ಕಿ ಹಾಕಿಕೊಂಡು ಮುಚ್ಚಿದ್ದ, ಪುಣ್ಯಾತ್ಮ.

“ಧೂಪ ಇತ್ತ ಕೊಡು. ಈ ಸಲ ನಾನೇ ಹಾಕ್ತೀನಿ” ಎಂದು ಪಾರ್ವತಮ್ಮ ಅವನ ಕೈಯಿಂದ ಬಟ್ಟಲು ಕಿತ್ತುಕೊಂಡಳು. “ನೀನು ಹೋಗಿ ಕೂತ್ಕೋ ಲಕ್ಷ್ಮೀಶ.”

ಸದ್ಯ ಬದುಕಿದೆ ಎಂದುಕೊಂಡ. ಮರುಕ್ಷಣವೇ, ಬಾಗಿಲು ತೆಗೆದಾಗ ಅಮ್ಮನ ಮುಖ ಹೇಗಾದೀತೋ ಎಂದು ಇನ್ನೊಂದು ಏಲಕ್ಕಿ ಬಾಯಿಗೆ ಹಾಕಿಕೊಂಡ.

ಸ್ವಲ್ಪ ಹೊತ್ತಿಗೆ ಪಾರ್ವತಮ್ಮ ಸೆರಗನ್ನು ಮೂಗುಬಾಯಿಗೆ ಒತ್ತಿಕೊಂಡು ಹೊರಗೆ ಬಂದು, ಚಿಲಕ ಹಾಕಿ, ಬಾಗಿಲಿಗೇ ಬೆನ್ನು ಕೊಟ್ಟು ಕೂತಳು. ಗಂಡ ಹೆಂಡತಿ ಕೆಳಗಿನ ಮೆಟ್ಟಿಲ ಮೇಲೆ ಕೂತರು. ಎದುರು ಸಾಲಿನಲ್ಲೂ ಬಾಗಿಲುಗಳು ಮುಚ್ಚಿದ್ದವು, ಜನ ಜಗಲಿಗಳ ಮೇಲೆ ಪಿಟ್ಟೆನ್ನದೆ ಕೂತಿದ್ದರು. ಸುಡುಬಿಸಿಲಿನಲ್ಲಿ ಇಡೀ ಬೀದಿಯೇ ಮನೆಗಳನ್ನು ಸತ್ತವರಿಗೆ ಬಿಟ್ಟುಕೊಟ್ಟಿತ್ತು. ಸಂದುಗಳಿಂದ ಧೂಪದ ಹೊಗೆ ಹೊರಬರುತ್ತಿತ್ತು.

ಬಾಗಿಲ ಕಡೆಯಿಂದ ಒಂದು ಕೆಮ್ಮು ಕೇಳಿಸಿತು. ‘ಖ್ಹುಂ.’ ಗುಟುಕು ಒಳಗಿಳಿದ ಮೇಲೆ ಅಪ್ಪ ಕೆಮ್ಮುತ್ತಿದ್ದ ಅದೇ ಒಣ ಕೆಮ್ಮು. ಲಕ್ಷ್ಮೀಶನಿಗೆ ತಿರುಗಿ ನೋಡುವ ಧೈರ್ಯ ಬರಲಿಲ್ಲ.

“ಕೇಳಿಸ್ತಾ?”

“ಏನ್ರೀ?” ಎಂದಳು ಭಾಗ್ಯ.

ಬಾಗಿಲು ತೆಗೆದಾಗ ಲೋಟ ಬೋರಲು ಬಿದ್ದಿತ್ತು. ಬಿದ್ದಿತ್ತು ಎನ್ನುವುದು ತಪ್ಪು, ಬೋರಲು ಹಾಕಿ ಇಟ್ಟಂತಿತ್ತು. ಸುತ್ತ ಒಂದು ಹನಿ ಚೆಲ್ಲಿರಲಿಲ್ಲ. ಸಾಕೆನಿಸಿದ ದಿನ ಅಪ್ಪ ಹಾಗೆ ಇಡುತ್ತಿದ್ದ, ಲಕ್ಷ್ಮೀಶ ಒಂದು ಸಲವೂ ಹಾಗೆ ಇಟ್ಟವನಲ್ಲ. “ಬಂದಿದ್ರು” ಎಂದು ಪಾರ್ವತಮ್ಮ ಸೆರಗಿನೊಳಗಿನಿಂದಲೇ ಹೇಳಿದಳು.

ಕುಡಿಯುತ್ತಿದ್ದ ಕಾಲದಲ್ಲಿ ಅವನಿಗೆ ಗಂಟೆಗಟ್ಟಲೆ ಹೊತ್ತಿನ ನೆನಪೇ ಉಳಿಯುತ್ತಿರಲಿಲ್ಲ. ಅಯ್ಯೋ, ನಾನೇ ಹೋಗಿ ಬಂದೆನೇ? ಭಾಗ್ಯಳನ್ನು ಅಡುಗೆಮನೆಗೆ ಎಳೆದುಕೊಂಡು ಹೋದ. “ನನ್ನ ಬಾಯಿ ಮೂಸಿ ನೋಡು.”

ಅವಳು ಮೂಸಿದಳು. ಇನ್ನೊಮ್ಮೆ ಮೂಸಿದಳು. “ಏಲಕ್ಕಿ. ಬರೀ ಏಲಕ್ಕಿ ಕಣ್ರೀ. ನನ್ನ ಪಕ್ಕದಿಂದ ನೀವು ಎದ್ದೇ ಇಲ್ವಲ್ಲ” ಎನ್ನುವಾಗ ಅವಳ ಕಣ್ಣು ತುಂಬಿ ಬಂತು.

ನೋಟ್‌ಬುಕ್ ತೆಗೆದು ಗೋಡೆಗೊರಗಿ ಕೂತ. ‘ಅಪ್ಪ ಬಂದಿದ್ದ’ ಎಂದು ಬರೆದ. ಸಾಕ್ಷಿ: ಕೆಮ್ಮು. ಬೋರಲು ಲೋಟ. ‘ಅಲ್ಲ’ ಎನ್ನುವ ಕಾಲಂಗೆ ಬಂದಾಗ ಬರೆಯಲು ಏನೂ ಇರಲಿಲ್ಲ.

“ಬಾಯಿ ತೆಗಿ.” ಪಾರ್ವತಮ್ಮ ಎಡೆಯ ಕಜ್ಜಾಯ ಮುರಿದುಕೊಂಡು ಮಗನ ಮುಖದ ಹತ್ತಿರ ಬಗ್ಗಿದಳು. ಸೆರಗು ಈಗ ಭುಜದ ಮೇಲಿತ್ತು. ಬೆಲ್ಲದ ವಾಸನೆಯ ಹಿಂದೆಯೇ ಬ್ರಾಂಡಿಯ ಘಾಟು ಅವನ ಮೂಗಿಗೆ ಬಡಿಯಿತು. ಜೀವಮಾನದಲ್ಲಿ ಬಾಟಲಿ ಮುಟ್ಟದ ಹೆಂಗಸು! ಕಣ್ಣು ಕೆಂಪಾಗಿ, ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

“ಪೂರ್ತಿ ಕುಡ್ಕೊಂಡು ಹೋದ್ರು ಕಣೋ ದೊಡ್ಡೋನೇ” ಎಂದಳು. “ನಿಂಗೆ ಒಂದು ಹನೀನೂ ಬಿಟ್ಟಿಲ್ಲ.”

ದೊಡ್ಡೋನೇ ಎಂದು ಅವನನ್ನು ಕರೆಯುತ್ತಿದ್ದವನು ಅಪ್ಪ ಒಬ್ಬನೇ.

ಪಾರ್ವತಮ್ಮ ಗೋಡೆ ಹಿಡಿದುಕೊಂಡು ನಿಧಾನವಾಗಿ ನಡುಮನೆಗೆ ಹೋದಳು. ಅಲ್ಲಿಂದ ಮತ್ತೆ ಕೆಮ್ಮು ಕೇಳಿಸಿತು. ಲಕ್ಷ್ಮೀಶ ಕಜ್ಜಾಯ ಅಗಿಯುತ್ತ ಖಾಲಿ ಕಾಲಂನಲ್ಲಿ ಅಮ್ಮನ ಹೆಸರು ಬರೆಯಲು ಹೋದವನು, ಬರೆಯದೆ, ಪೆನ್ನಿಗೆ ಕ್ಯಾಪು ಹಾಕಿದ.