ನನ್ನ ತಲೆಯ ಮೇಲಿಟ್ಟ ಆಣೆ

ನಾನು ಲಿಬಿಯಾಕ್ಕೆ ಹೊರಟ ದಿನ ಅಮ್ಮ ನನ್ನನ್ನು ದೇವರ ಮನೆಯ ಮುಂದೆ ಮಣೆಯ ಮೇಲೆ ಕೂರಿಸಿದಳು. ಕುಂಕುಮ ಇಟ್ಟು ಕಳಿಸುತ್ತಾಳೆ ಎಂದುಕೊಂಡಿದ್ದೆ. ಆದರೆ ಅವಳು ಬಾಗಿಲ ಹತ್ತಿರ ನಿಂತಿದ್ದ ಭಾವನನ್ನು ಕರೆದಳು.

“ಬನ್ನಿ ಇಲ್ಲಿ. ಇವನ ತಲೆ ಮೇಲೆ ಕೈ ಇಟ್ಟು ಹೇಳಿ.”

ಭಾವ ಅಂದರೆ ನನ್ನ ಅಕ್ಕ ಕೌಸಲ್ಯಳ ಗಂಡ ಅಂಜನಮೂರ್ತಿ. ಗುಬ್ಬಿಯ ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಶಾಪ್ ಇಟ್ಟಿದ್ದರು; ನಾವೆಲ್ಲ ಒಂದೇ ಮನೆಯಲ್ಲಿದ್ದೆವು. ಅವರು ಬಂದು ನನ್ನ ತಲೆಯ ಮೇಲೆ ಕೈ ಇಟ್ಟರು.

“ಇನ್ನು ಮುಟ್ಟಲ್ಲ. ಪಟ್ಟಾಭಿ ತಲೆಯಾಣೆ.”

“ಏನು ಮುಟ್ಟಲ್ಲ ಅಂತ ಬಾಯಿ ಬಿಟ್ಟು ಹೇಳಿ” ಅಂದಳು ಅಮ್ಮ.

“ಸಾರಾಯಿ ಮುಟ್ಟಲ್ಲ.”

ನಮ್ಮ ಕಡೆ ಆಣೆ ಮುರಿದರೆ ಕೇಡು ತಟ್ಟುವುದು ಆಣೆ ಇಟ್ಟವನಿಗಲ್ಲ, ಯಾರ ತಲೆಯ ಮೇಲೆ ಇಟ್ಟನೋ ಅವನಿಗೆ. ಅದಕ್ಕೇ ಆಣೆ ಹಾಕಿಸುವವರು ಪ್ರೀತಿಯ ತಲೆಯನ್ನೇ ಹುಡುಕುತ್ತಾರೆ. ಭಾವನಿಗೆ ಮಕ್ಕಳಿರಲಿಲ್ಲ. ಅಮ್ಮನಿಗೆ ಸಿಕ್ಕಿದ್ದು ನನ್ನ ತಲೆ.

ಬೇಡ ಎನ್ನಬಹುದಿತ್ತು. ಹಗಲು ತುಮಕೂರಿನ ಪಂಪ್ ಕಾರ್ಖಾನೆಯ ಸ್ಟೋರ್ಸಿನಲ್ಲಿ ದುಡಿದು, ಸಂಜೆ ಕಾಲೇಜಿನಲ್ಲಿ ಕೂತು ಬಿ.ಎ. ಮಾಡಿಕೊಂಡವನು ನಾನು. ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂದು ಸ್ನೇಹಿತರ ಮುಂದೆ ಹೇಳಿಕೊಂಡದ್ದೂ ಉಂಟು. ಆದರೆ ನಂಬದಿದ್ದರೂ ಉಪಯೋಗಕ್ಕೆ ಬಂದೀತು ಎನ್ನಿಸಿ ಸುಮ್ಮನಿದ್ದೆ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಅವಳ ಮುಖ ನೋಡಿದರೆ ಬೇಡ ಎನ್ನುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ.

ಅದಕ್ಕೆ ಹಿಂದಿನ ವರ್ಷ ಭಾವನನ್ನು ತುಮಕೂರಿನ ಆಸ್ಪತ್ರೆಗೆ ಸೇರಿಸಿದ್ದೆವು. ಕಣ್ಣು ಹಳದಿಯಾಗಿ ಹೊಟ್ಟೆ ಊದಿತ್ತು. ಗುಣವಾಗಿ ಹೊರಡುವಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, “ಇನ್ನೊಂದು ಸಲ ಕುಡಿಯೋಕೆ ಶುರು ಮಾಡಿದ್ರೆ ಇಲ್ಲಿಗೆ ಕರ್ಕೊಂಡು ಬರೋ ಅಗತ್ಯ ಇರಲ್ಲ ಕಣಪ್ಪ” ಎಂದರು. “ಬೆಳಗಿನ ಹೊತ್ತೇ ಇವರಿಗೆ ಕಷ್ಟ. ಕೈ ನಡುಗತ್ತೆ, ಕಾಲು ಅಂಗಡಿ ಕಡೆ ಎಳೆಯತ್ತೆ. ಆ ಹೊತ್ನಲ್ಲಿ ಏನಾದ್ರೂ ಕೆಲಸ ಕೊಡಿ.”

ನನಗೆ ಗೊತ್ತಿದ್ದ ಬೆಳಗಿನ ಕೆಲಸ ಒಂದೇ. ಪರೀಕ್ಷೆಯ ಭಯಕ್ಕೆ ನಿದ್ದೆ ಬಾರದ ಕಾಲದಿಂದ ಗುಬ್ಬಿ ಕೆರೆ ಏರಿಯ ಮೇಲೆ ಓಡುವ ಅಭ್ಯಾಸವಿತ್ತು. ಭಾವನನ್ನೂ ಎಬ್ಬಿಸಿಕೊಂಡು ಹೋದೆ. ಮೊದಮೊದಲು ಅವರು ನಡೆದರು, ಏದುಸಿರು ಬಿಟ್ಟು ಕೂತರು, ನನ್ನನ್ನು ಬೈದರು. ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ನಿಂಗಮ್ಮ ನಮ್ಮನ್ನು ನೋಡಿದಾಗಲೆಲ್ಲ, “ಯಾರ್ ಅಟ್ಟಿಸ್ಕೊಂಡ್ ಬರ್ತಾವ್ರೆ ಸ್ವಾಮಿ? ಹಿಂದೆ ಯಾರೂ ಕಾಣಕಿಲ್ವಲ್ಲ!” ಎಂದು ನಗುತ್ತಿದ್ದಳು.

“ಹೆಂಡ ಅಟ್ಟಿಸ್ಕೊಂಡ್ ಬರ್ತೈತೆ ಕಣಮ್ಮ” ಎಂದು ಭಾವ ಒಂದು ದಿನ ಕೂಗಿ ಹೇಳಿದರು. ಅವತ್ತು ಅವರು ನಿಲ್ಲದೆ ಏರಿಯ ಕೊನೆ ಮುಟ್ಟಿದರು.

ಹೊರಡುವ ಹಿಂದಿನ ದಿನ ಅದೇ ಏರಿಯ ಮೇಲೆ ಅವರು ಕೇಳಿದರು: “ನೀನಿಲ್ದೆ ನಾನು ಹೆಂಗೋ ಓಡ್ಲಿ?”

“ನಾನೂ ಅಲ್ಲಿ ಓಡ್ತೀನಿ ಭಾವ. ಒಂದು ದಿನಾನೂ ಬಿಡಲ್ಲ. ಜೊತೇಲೇ ಓಡ್ತಾ ಇದೀವಿ ಅಂದ್ಕೊಳ್ಳಿ.”

“ನೀನು ಬಿಟ್ರೆ ನಾನೂ ಬಿಟ್ಟೆ ಅಂತ್ಲೇ ತಿಳ್ಕೊ” ಎಂದರು. ನಗುತ್ತಲೇ ಹೇಳಿದ್ದರು. ನಾನು ಮಾತ್ರ ಅದನ್ನು ನಗೆಯಾಗಿ ತೆಗೆದುಕೊಳ್ಳಲಿಲ್ಲ.

ಬೆಂಗಳೂರಿನ ಕಂಟ್ರಾಕ್ಟರೊಬ್ಬರು ಲಿಬಿಯಾದ ಮರುಭೂಮಿಯ ಅಂಚಿನಲ್ಲಿ ನೀರಿನ ಪೈಪ್‌ಲೈನ್ ಹಾಕುತ್ತಿದ್ದರು. ನಾನು ಅಲ್ಲಿ ಸ್ಟೋರ್ ಕೀಪರ್. ತಗಡಿನ ಕೋಣೆಗಳ ಸಾಲು, ಸುತ್ತ ಮುಳ್ಳುತಂತಿಯ ಬೇಲಿ, ಬೇಲಿಯಾಚೆ ಏನೂ ಇಲ್ಲ. ನೆರಳು ಕೊಡುವ ಒಂದು ಗಿಡವಿಲ್ಲ, ದಾರಿ ತೋರಿಸುವ ಒಂದು ಕಲ್ಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಎದ್ದು ಬೇಲಿಯ ಒಳಬದಿಯಲ್ಲೇ ಓಡಲು ಶುರು ಮಾಡಿದೆ. ಮರಳಿನಲ್ಲಿ ಓಡುವುದು ನಮ್ಮ ಏರಿಯ ಮೇಲೆ ಓಡಿದಂತಲ್ಲ; ಇಟ್ಟ ಹೆಜ್ಜೆ ಹಿಂದಕ್ಕೆ ಜಾರುತ್ತದೆ, ಓಡಿದಷ್ಟೂ ಅಲ್ಲೇ ಇದ್ದ ಹಾಗೆ.

ಎರಡನೆಯ ದಿನವೇ ಕಾವಲಿನವರು ಹಿಡಿದುಕೊಂಡರು. ಕತ್ತಲು ಪೂರ್ತಿ ಹರಿಯದ ಹೊತ್ತಿನಲ್ಲಿ ಸ್ಟೋರ್ಸಿನ ಕಡೆಯಿಂದ ಓಡಿ ಬರುವ ಮನುಷ್ಯ ಕಳ್ಳನಲ್ಲದೆ ಇನ್ನೇನು? ಅವರ ಅರಬ್ಬಿ ನನಗೆ ತಿಳಿಯದು, ನನ್ನ ಇಂಗ್ಲಿಷು ಅವರಿಗೆ ತಿಳಿಯದು. ಕುಣಿಗಲ್ಲಿನ ವೆಲ್ಡರ್ ಅಬ್ದುಲ್ ಖಾದರ್ ಬಂದು ಬಿಡಿಸಿದ. ಅವನು ಪಾಕಿಸ್ತಾನದ ಡ್ರೈವರನೊಬ್ಬನಿಗೆ ಉರ್ದುವಿನಲ್ಲಿ ಹೇಳಿದ, ಆ ಡ್ರೈವರ್ ಕಾವಲಿನವರಿಗೆ ಅರಬ್ಬಿಯಲ್ಲಿ ಹೇಳಿದ. ಅವರು ನನ್ನ ಬೆನ್ನು ತಟ್ಟಿ, ಕನಿಕರದಿಂದ ತಲೆಯಾಡಿಸಿ ಕಳಿಸಿಕೊಟ್ಟರು.

“ಏನು ಹೇಳಿದೆಯೋ ಖಾದರ್?”

“ಸಕ್ಕರೆ ಕಾಯಿಲೆ ಐತೆ ಅಂದೆ. ಸುಮ್ನೆ ಓಡ್ತಾರೆ ಅಂದ್ರೆ ಯಾರ್ ಸ್ವಾಮಿ ನಂಬ್ತಾರೆ? ನಮ್ ಕುಣಿಗಲ್ ಫಾರಂನಾಗೆ ಕುದ್ರೇಗೂ ವಾರಕ್ಕೊಂದ್ ರಜಾ ಐತೆ. ನಿಮ್ಗೇನ್ ಬಂದೈತೆ?”

ಅವನಿಗೆ ನಿಜ ಹೇಳಿದೆ. ಭಾವನ ವಿಷಯ ಕೇಳಿದ ಮೇಲೆ ಅವನು ತಮಾಷೆ ಮಾಡಲಿಲ್ಲ. ಕೆಲವು ದಿನ ಬೆಳಗಿನ ನಮಾಜು ಮುಗಿಸಿ ಬಂದು ಕೋಣೆಯ ಮೆಟ್ಟಿಲ ಮೇಲೆ ಕೂತು, ನಾನು ಹಾದುಹೋದಾಗಲೆಲ್ಲ, “ಹೂಂ, ಭಾವ ಬರ್ತಾವ್ರೆ ಹಿಂದೆ, ಬಿಡ್ಬ್ಯಾಡಿ” ಎನ್ನುತ್ತಿದ್ದ.

ಮೈ ಬಿಸಿಯಾದ ದಿನವೂ ಓಡಿದೆ. ಹೊಟ್ಟೆ ಕೆಟ್ಟ ದಿನವೂ ಓಡಿದೆ. ಇಲ್ಲಿ ಗುಂಡಿ ಒತ್ತಿದರೆ ಅಲ್ಲಿ ದೀಪ ಹತ್ತುವ ಹಾಗೆ, ನಾನು ಓಡಿದರೆ ಗುಬ್ಬಿಯಲ್ಲಿ ಭಾವ ಓಡುತ್ತಾರೆ, ನಾನು ನಿಂತರೆ ಅವರ ಕಾಲು ಅಂಗಡಿಯ ಕಡೆ ತಿರುಗುತ್ತದೆ ಎಂದು ನನ್ನೊಳಗೆ ಗಟ್ಟಿಯಾಗಿಬಿಟ್ಟಿತ್ತು. ಯಾರಾದರೂ ಕೇಳಿದ್ದರೆ ಇದು ನಂಬಿಕೆ ಎಂದು ಒಪ್ಪುತ್ತಿರಲಿಲ್ಲ. ಕೊಟ್ಟ ಮಾತು ಎನ್ನುತ್ತಿದ್ದೆ.

ಒಂದು ವರ್ಷ ಕಳೆದ ಮೇಲೆ ಕ್ಯಾಂಪಿನ ಒಳಗೂ ಪೈಪ್ ಹಾಕಲು ಕಾಲುವೆ ತೋಡಿದರು. ಸೂಪರ್‌ವೈಸರ್ ಏಕಾಂತಯ್ಯ ನನ್ನನ್ನು ಕರೆದು ಹೇಳಿದರು: “ರೀ ಪಟ್ಟಾಭಿರಾಮ್, ಕಾಲುವೆ ಮುಚ್ಚೋವರೆಗೂ ಓಟ ಬಿಡ್ರಿ. ಬಿದ್ಗಿದ್ರೆ ನಾನು ಯಾರಿಗೆ ಉತ್ತರ ಹೇಳ್ಲಿ?”

“ಆಗಲಿ ಸಾರ್” ಎಂದೆ. ಮಾರನೆಯ ಬೆಳಿಗ್ಗೆ ಬಿಸಿಗಾಳಿ ಎದ್ದಿತ್ತು. ಧೂಳಿನಲ್ಲಿ ಬೇಲಿಯೂ ಕಾಣುತ್ತಿರಲಿಲ್ಲ. ಬಾಗಿಲಲ್ಲಿ ಬಹಳ ಹೊತ್ತು ನಿಂತೆ. ಹಿರಿಯರ ಮಾತು ಮೀರಿದ ಅಭ್ಯಾಸ ನನಗಿಲ್ಲ. ಆದರೆ ಭಾವ ಏರಿಯ ಮೇಲೆ ಒಬ್ಬರೇ ನಿಂತು ಹಿಂದಕ್ಕೆ ತಿರುಗಿ ನೋಡುವುದು ಕಣ್ಣಿಗೆ ಕಟ್ಟಿದ ಹಾಗಾಗಿ, ಮುಖಕ್ಕೆ ಟವೆಲ್ ಸುತ್ತಿಕೊಂಡು ಇಳಿದೆ. ಮೂಲೆ ತಿರುಗುವಲ್ಲಿ ನೆಲವೇ ಇರಲಿಲ್ಲ. ಕಾಲುವೆಯೊಳಗೆ ಕಬ್ಬಿಣದ ಪೈಪಿನ ಮೇಲೆ ಬಿದ್ದೆ. ಎಡಗಾಲು ಮೊಣಕಾಲಿನ ಕೆಳಗೆ ಎರಡಾಗಿತ್ತು.

ಪಟ್ಟಿ ಹಾಕಿಸಿಕೊಂಡು ಮಲಗಿದ್ದಾಗ ಖಾದರ್ ರಜೆಯ ಮೇಲೆ ಊರಿಗೆ ಹೊರಟ. “ಗುಬ್ಬಿಗೆ ಹೋಗಿ ನೋಡ್ಕೊಂಡ್ ಬರ್ತೀನಿ, ಹೆದರ್ಬ್ಯಾಡಿ ಅಂತ ಹೇಳ್ತೀನಿ” ಎಂದ. ಅವನು ಹೇಳಿದ ಹಾಗೇ ಮಾಡಿದ. ಅವನದು ಯಾವ ತಪ್ಪೂ ಇಲ್ಲ.

ಕಾಲು ಕೂಡಿತು, ಆದರೆ ನೆಟ್ಟಗೆ ಕೂಡಲಿಲ್ಲ. ಅದೇ ವರ್ಷದ ಕೊನೆಗೆ ಕಂಪನಿಯವರು ನನ್ನನ್ನು ವಾಪಸು ಕಳಿಸಿದರು. ಊರುಗೋಲು ಹಿಡಿದು ಗುಬ್ಬಿ ಸ್ಟೇಷನ್ನಿನಲ್ಲಿ ಇಳಿದಾಗ ಅಕ್ಕ ಒಬ್ಬಳೇ ಬಂದಿದ್ದಳು. ಭಾವ ಎಲ್ಲಿ ಎಂದರೆ ಗಾಡಿಯವನನ್ನು ಕರೆಯಲು ಹೋದಳು.

ಮನೆಯಲ್ಲಿ ಅಮ್ಮ ನನ್ನ ಕಾಲು ಸವರಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು: “ಅವತ್ತು ಆ ಸಾಬರ ಹುಡುಗ ಬಂದು ನೀನು ಬಿದ್ದೆ ಅಂದಾಗ್ಲೇ ನಂಗೆ ಗೊತ್ತಾಯ್ತು. ನಿನ್ನ ಭಾವ ಕುಡಿದಿದಾನೆ. ಇಲ್ದಿದ್ರೆ ನಿನ್ನ ಕಾಲು ಯಾಕೋ ಮುರೀಬೇಕು?”

“ಅಮ್ಮಾ, ನಾನು ಗುಂಡಿಗೆ ಬಿದ್ದೆ.”

“ಗುಂಡಿ ಎಲ್ಲಾ ಕಡೆ ಇರತ್ತೆ. ನೀನೇ ಯಾಕೆ ಬೀಳ್ಬೇಕು?”

ಅಕ್ಕ ಮೆಲ್ಲಗೆ ಹೇಳಿದಳು: “ಇಲ್ಲ ಅಂತ್ಲೇ ಅಂದ್ರು ಕಣೋ. ಮಂಜುನಾಥನ ಮೇಲೆ ಆಣೆ ಇಡ್ತೀನಿ ಅಂದ್ರು. ಅಮ್ಮ, ‘ಇಟ್ಟ ಆಣೆ ಏನಾಯ್ತು ಅಂತ ನೋಡಿದ್ವಲ್ಲ’ ಅಂದ್ಬಿಟ್ಳು. ಅವತ್ತಿಂದ ಶಾಪ್‌ನಲ್ಲೇ ಮಲಗ್ತಾರೆ. ಓಡೋದೂ ಬಿಟ್ರು.”

“ನೀನು ಏನಂದೆ?”

ಅವಳು ನೆಲ ನೋಡಿದಳು. “ನಂಗೇನು ಗೊತ್ತೋ? ಎಷ್ಟು ಸಲ ನಂಬಿ ಕೆಟ್ಟಿದೀನಿ.”

ನನ್ನೊಳಗೂ ಒಂದು ಹುಳು ಕೊರೆಯುತ್ತಿತ್ತು. ಕುಡಿದಿರಬಹುದೇ? ಕಾಲಿಗೂ ಅದಕ್ಕೂ ಸಂಬಂಧವಿಲ್ಲ, ಸರಿ, ಆದರೂ ಕುಡಿದಿರಬಹುದಲ್ಲ?

ಸಂಜೆ ಶಾಪಿಗೆ ಹೋದೆ. ಭಾವ ಒಂದು ಚಕ್ರವನ್ನು ತಿರುಗಿಸಿ ಅದರ ಸೊಟ್ಟ ನೋಡುತ್ತಿದ್ದರು. ಬಡವಾಗಿದ್ದರು. ನನ್ನ ಊರುಗೋಲನ್ನು ನೋಡಿ ಸ್ಟೂಲನ್ನು ಮುಂದಕ್ಕೆ ತಳ್ಳಿದರು.

“ಕೇಳ್ಬಿಡೋ. ನೀನೊಬ್ಬ ಬಾಕಿ ಇದ್ದೆ.”

ನಾನು ಕೇಳಲಿಲ್ಲ. ಬಿದ್ದ ಕಥೆ ಹೇಳಿದೆ. ಏಕಾಂತಯ್ಯ ಬೇಡ ಎಂದದ್ದು, ಧೂಳು, ಆದರೂ ನಾನು ಇಳಿದದ್ದು. ಅವರು ಚಕ್ರ ನಿಲ್ಲಿಸಿದರು.

“ಬೇಡ ಅಂದ್ಮೇಲೂ ಯಾಕೋ ಓಡಿದೆ?”

“ನಾನು ಬಿಟ್ರೆ ನೀವೂ ಬಿಡ್ತೀರಿ ಅಂತ.”

“ಥೂ, ಪೆದ್ದ ಮುಂಡೇದೆ” ಎಂದರು. “ನಿಮ್ಮಮ್ಮ ಪರವಾಗಿಲ್ಲ ಕಣೋ ನಿನಗಿಂತ.”

ಆ ಮಾತು ನನಗೆ ಸರಿಯಾಗಿಯೇ ತಾಗಿತು; ಅಮ್ಮ ನನ್ನ ಕಾಲು ಮುರಿದದ್ದನ್ನು ಅವರ ಕುಡಿತಕ್ಕೆ ಗಂಟು ಹಾಕಿದ್ದಳು, ನಾನು ಅದಕ್ಕೂ ಮೊದಲೇ ನನ್ನ ಓಟವನ್ನು ಅದಕ್ಕೇ ಗಂಟು ಹಾಕಿದ್ದೆ. ಅವರ ಕೈ ಹಿಡಿದೆತ್ತಿ ನನ್ನ ತಲೆಯ ಮೇಲೆ ಇಟ್ಟುಕೊಂಡೆ. ಇದಕ್ಕೆ ಶಾಸ್ತ್ರ ಏನೆಂದು ನನಗೆ ಗೊತ್ತಿರಲಿಲ್ಲ.

“ಆಣೆ ವಾಪಸ್ ತಗೊಳ್ಳಿ ಭಾವ.”

ಅವರು ಬೆಂಕಿ ಮುಟ್ಟಿದವರಂತೆ ಕೈ ಎಳೆದುಕೊಂಡರು. “ಬ್ಯಾಡ ಕಣೋ. ಅದೊಂದೇ ನನ್ನ ಹಿಡ್ಕೊಂಡಿರೋದು. ತೆಗೆದುಬಿಟ್ರೆ ನಾನು ಕುಡಿದುಬಿಟ್ರೆ?”

“ಕುಡಿದ್ರೆ ನೀವು ಕುಡಿದ ಹಾಗಾಗತ್ತೆ. ನನ್ನ ಕಾಲು ಮುರಿಯಲ್ಲ. ನಾನು ಬಿದ್ರೆ ನಾನು ಬಿದ್ದ ಹಾಗೆ. ನೀವು ಕುಡಿದ ಹಾಗಲ್ಲ.”

ಇದು ಸರಿಯೋ, ಸಾಯುವ ಮನುಷ್ಯನ ಕೈಯಿಂದ ಹಗ್ಗ ಬಿಡಿಸುತ್ತಿದ್ದೇನೋ, ತಿಳಿಯಲಿಲ್ಲ. ಡಾಕ್ಟರ ಮಾತು ಮರೆತಿರಲಿಲ್ಲ. ಆದರೆ ಮಾಡದ ತಪ್ಪಿಗೆ ಮನೆಯಿಂದ ಹೊರಗೆ ಮಲಗುವವನು ಎಷ್ಟು ದಿನ ಅದನ್ನು ಮಾಡದೆ ಇದ್ದಾನು?

ಅವರು ಕೈಯನ್ನು ಮತ್ತೆ ನನ್ನ ತಲೆಯ ಮೇಲಿಟ್ಟರು. ಆಮೇಲೆ, ಇಟ್ಟದ್ದನ್ನು ವಾಪಸು ಎತ್ತಿಕೊಳ್ಳುವವರಂತೆ ತೆಗೆದುಕೊಂಡರು.

“ನಾಳೆ ಏರಿ ಹತ್ರ ಬರ್ತೀನಿ” ಎಂದೆ. “ನಂಗೆ ಓಡೋಕಾಗಲ್ಲ. ಕೂತಿರ್ತೀನಿ.”

ಬೆಳಿಗ್ಗೆ ಅವರು ಬರುವುದಿಲ್ಲ ಎಂದೇ ಅಂದುಕೊಂಡಿದ್ದೆ. ಬಂದರು. ಪಂಚೆ ಎತ್ತಿ ಕಟ್ಟಿ, ಚಪ್ಪಲಿಯನ್ನು ನನ್ನ ಪಕ್ಕದಲ್ಲಿ ಬಿಟ್ಟು, ಹೆಗಲ ಟವೆಲನ್ನು ನನ್ನ ಕೈಗೆ ಕೊಟ್ಟು ಓಡತೊಡಗಿದರು. ಏರಿಯ ಆ ಕೊನೆಯಲ್ಲಿ ರಸ್ತೆಗೆ ಇಳಿದರೆ ಸಾರಾಯಿ ಅಂಗಡಿ; ಕೂಲಿಗೆ ಹೋಗುವವರಿಗಾಗಿ ಬೆಳಕು ಹರಿಯುವ ಮೊದಲೇ ಬಾಗಿಲು ತೆಗೆಯುತ್ತದೆ. ಮಂಜಿನಲ್ಲಿ ಅವರ ಬಿಳಿ ಬನಿಯನ್ನು ಸಣ್ಣದಾಗುತ್ತ ಹೋಗಿ ಅಲ್ಲಿಗೆ ಮುಟ್ಟಿತು. ಆಮೇಲೆ ಕಾಣಲಿಲ್ಲ.

ಕಾದೆ. ತಿರುಗಿ ಬರುವುದಕ್ಕೆ ಇಷ್ಟು ಹೊತ್ತು ಬೇಕಾಗಿರಲಿಲ್ಲ. ಓಡುವುದು ಬಿಟ್ಟು ತಿಂಗಳುಗಳಾಗಿವೆ, ಸುಸ್ತಾಗಿ ಕೂತಿರಬೇಕು ಎಂದುಕೊಂಡೆ. ಕೆಳಗೆ ಇಳಿದಿರಬೇಕು ಎಂದೂ ಅಂದುಕೊಂಡೆ. ಎದ್ದು ಹೋಗಿ ನೋಡಬಹುದಿತ್ತು. ಊರುಗೋಲು ಎತ್ತಿಕೊಂಡೆ, ಮತ್ತೆ ಕೆಳಗಿಟ್ಟೆ.

ಬಿಸಿಲು ನೀರಿನ ಮೇಲೆ ಬಿದ್ದ ಮೇಲೆ ಅವರು ಕಾಣಿಸಿಕೊಂಡರು. ನಡೆಯುತ್ತಿದ್ದರು, ನಡುವೆ ನಾಲ್ಕು ಹೆಜ್ಜೆ ಓಡುತ್ತಿದ್ದರು. ಹತ್ತಿರ ಬಂದು, ಬೆವರು ಸುರಿಸುತ್ತ, ಟವೆಲಿಗಾಗಿ ನನ್ನ ಕಡೆಗೆ ಬಗ್ಗಿದರು. ಅವರು ಕುಡಿಯುತ್ತಿದ್ದ ದಿನಗಳಲ್ಲಿ ಅಕ್ಕ ಹೊಸಿಲಲ್ಲಿ ನಿಂತು ಅವರ ಬಾಯಿ ಮೂಸಿ ನೋಡುತ್ತಿದ್ದುದು ಇಷ್ಟೇ ಹತ್ತಿರದಿಂದ.

ಟವೆಲ್ ಕೊಡುವಾಗ, ಮೂಸಿ ನೋಡಬಾರದೆಂದು, ನಾನು ಉಸಿರು ಬಿಗಿ ಹಿಡಿದೆ. ಅವರು ಮುಖ ಒರೆಸಿಕೊಂಡು ನೆಟ್ಟಗೆ ನಿಲ್ಲುವವರೆಗೂ ಬಿಡಲಿಲ್ಲ.