ಬಲಗಣ್ಣಿನ ಗ್ಲಾಸು

ಮೂರನೆಯ ಸಲವೂ ಪವರ್ ಅಳೆಯುವ ಯಂತ್ರ ಅದನ್ನೇ ತೋರಿಸಿತು. ಬಲಗಡೆಯ ಗ್ಲಾಸು ಮೂರು, ಎಡಗಡೆಯದು ಒಂದೂವರೆ. ಅವಳು ಕನ್ನಡಕವನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಮತ್ತೆ ಹಿಡಿದಳು. ಒರೆಸಿದರೆ ಪವರ್ ಬದಲಾಗುವುದಿಲ್ಲ ಎಂದು ಗೊತ್ತಿತ್ತು. ಆದರೂ ಒರೆಸಿದಳು. ಪಕ್ಕದಲ್ಲಿ ನಾಲ್ಕು ತಿಂಗಳ ಹಿಂದಿನ ಚೀಟಿ ಇತ್ತು. ಬಲ ಒಂದೂವರೆ, ಎಡ ಮೂರು ಎಂದು ಕಣ್ಣಿನ ಡಾಕ್ಟರು ಬರೆದದ್ದರಲ್ಲಿ ಯಾವ ಗೊಂದಲವೂ ಇರಲಿಲ್ಲ. ಕೆಳಗೆ, ಮಾಡಿದವರು ಎಂಬಲ್ಲಿ, ಅವಳ ಸಹಿ. ಸ್ವಲ್ಪ ಉದ್ದಕ್ಕೇ ಎಳೆದ ಸಹಿ.

ಸಂಜೆ ತರಗತಿಯಲ್ಲಿ ಒಂದು ವರ್ಷ ಕಲಿತು ಈ ಅಂಗಡಿಗೆ ಸೇರಿದ ಮೇಲೆ ಅವಳು ಒಬ್ಬಳೇ ಮಾಡಿದ ಮೊದಲ ಕನ್ನಡಕ ಅದು. ಅವಳ ಅಪ್ಪನದು.

"ಏನಮ್ಮ, ದೆವ್ವ ಕಂಡವಳ ಹಾಗೆ ಕೂತಿದೀಯ?" ಎಂದರು ಸ್ಕ್ರೂ ಮಾಮ. ಅಂಗಡಿಯ ಹಳೆಯ ಕೆಲಸಗಾರ. ಕಿವಿಯ ಮೇಲೆ ಸದಾ ಒಂದು ಸಣ್ಣ ಸ್ಕ್ರೂಡ್ರೈವರ್ ಇರುತ್ತಿದ್ದುದರಿಂದ ಆ ಹೆಸರು.

ಅವಳು ಚೀಟಿಯನ್ನೂ ಕನ್ನಡಕವನ್ನೂ ಅವರ ಮುಂದಿಟ್ಟಳು. ಮಾಮನಿಗೆ ಯಂತ್ರ ಬೇಕಾಗಲಿಲ್ಲ. ಕನ್ನಡಕವನ್ನು ಚೀಟಿಯ ಮೇಲೆ ಎತ್ತಿ ಹಿಡಿದು, ಅಕ್ಷರಗಳು ಯಾವ ಗ್ಲಾಸಿನಲ್ಲಿ ಹೆಚ್ಚು ದಪ್ಪ ಕಾಣುತ್ತವೆ ಎಂದು ನೋಡಿ, ನಾಲಿಗೆಯಲ್ಲಿ ಲೊಚಗುಟ್ಟಿದರು.

"ಕನ್ನಡಕ ಎದುರಿಗಿಟ್ಕೊಂಡು ಗ್ಲಾಸು ಕೂರಿಸಿದೀಯ. ನಿನ್ನ ಎಡ ಅವರ ಬಲ. ಮರೆತುಬಿಟ್ಟೆ."

"ನಾಲ್ಕು ತಿಂಗಳು ಮಾಮ. ಒಂದು ದಿನಾನೂ ಸರಿಯಿಲ್ಲ ಅನ್ನಲಿಲ್ಲ."

"ಮಗಳು ಮಾಡಿದ್ದು ಅಂದ್ರೆ ಕೆಲವರು ಕಲ್ಲನ್ನೂ ಕಣ್ಣಿಗೆ ಕಟ್ಕೋತಾರೆ."

ಅವಳಿಗೆ ನಗು ಬರಲಿಲ್ಲ. ಅಪ್ಪ ಒಂದು ಹೊಲಿಗೆ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ಮೂವತ್ತು ವರ್ಷದಿಂದ ಆಸ್ಪತ್ರೆಯ ಬಿಳಿ ಕೋಟುಗಳನ್ನು ಕತ್ತರಿಸುತ್ತಿದ್ದವನು. ಈಚೆಗೆ ಮನೆಗೆ ಬಂದರೆ ಹಣೆ ಒತ್ತಿಕೊಂಡು ಕೂರುತ್ತಿದ್ದ. ಹೊಸ ಕನ್ನಡಕ, ಒಗ್ಗಬೇಕು ಎನ್ನುತ್ತಿದ್ದ. ಆಮೇಲೆ ವಯಸ್ಸಾಯಿತು ಎನ್ನತೊಡಗಿದ. ಹೋದ ವಾರ ಒಟ್ಟಿಗೆ ಕತ್ತರಿಸಿದ ಎಂಟು ಪದರದ ತೋಳುಗಳು ಬೆರಳಷ್ಟು ಗಿಡ್ಡ ಬಿದ್ದವು. ಮೊನ್ನೆ ಮತ್ತೆ. ನಿನ್ನೆ ಅಪ್ಪ ತಾನಾಗಿಯೇ ಯಜಮಾನರ ಬಳಿ ಹೋಗಿ, ಕತ್ತರಿ ಬೇರೆಯವರಿಗೆ ಕೊಡಿ, ನಾನು ಇಸ್ತ್ರಿ ಮೇಜಿಗೆ ಹೋಗ್ತೀನಿ ಎಂದು ಹೇಳಿ ಬಂದಿದ್ದ. ಇವತ್ತು ಎರಡು ಗಂಟೆಗೆ, ಊಟದ ಬಿಡುವು ಮುಗಿದ ಮೇಲೆ, ಬೇರೆಯವರ ಕೈಗೆ ಕತ್ತರಿ.

ಬೆಳಿಗ್ಗೆ ಕನ್ನಡಕವನ್ನು ಮನೆಯಲ್ಲೇ ಬಿಟ್ಟು ಹೋಗಿದ್ದ.

"ಸ್ನಾನಕ್ಕೆ ಹೋಗುವಾಗಲೂ ಬಿಚ್ತಿರಲಿಲ್ಲ ನಿಮ್ಮಪ್ಪ," ಎಂದಿದ್ದಳು ಅಮ್ಮ, ಅದನ್ನು ಅವಳ ಕೈಗೆ ಕೊಡುತ್ತಾ. "ಈಗ ಇಸ್ತ್ರಿ ಪೆಟ್ಟಿಗೆಗೆ ಕನ್ನಡಕ ಯಾಕೆ ಅಂತಾರೆ. ತಗೊಂಡು ಹೋಗಿ ಪವರ್ ಹೆಚ್ಚಿಸೋಕಾಗುತ್ತಾ ನೋಡು. ಕತ್ತರಿ ಬಿಟ್ಟ ಮನುಷ್ಯ ಮನೇಲಿ ನನ್ನ ಮೇಲೆ ಎಗರಾಡ್ತಾರೆ, ಹೇಳಿದೀನಿ."

ಸ್ಕ್ರೂ ಮಾಮ ಕಪಾಟಿನಿಂದ ಎರಡು ಹೊಸ ಗ್ಲಾಸು ತೆಗೆದು ಅವಳ ಮುಂದಿಟ್ಟರು. "ಹಳೇ ಗ್ಲಾಸು ಅದಲುಬದಲು ಮಾಡಿದ್ರೆ ಫ್ರೇಮಿಗೆ ಕೂರಲ್ಲ. ಅರ್ಧ ಗಂಟೆ ಕೆಲಸ. ಸುಮ್ನೆ ಬದಲಾಯಿಸಿ ಮೂಗಿನ ಮೇಲಿಡು. ಕಣ್ಣೇ ಸರಿಹೋಯ್ತು ಅಂದ್ಕೋತಾರೆ. ಯಾರಿಗೂ ಏನೂ ಹೇಳೋದು ಬೇಡ."

ಅವಳು ಗ್ಲಾಸಿನ ಅಂಚು ಉಜ್ಜುವ ಯಂತ್ರದ ಮುಂದೆ ಕೂತಳು. ಚೀಟಿ ನೋಡಿದಳು, ಗ್ಲಾಸಿನ ಮೇಲೆ ಬಲ ಎಂದು ಗುರುತು ಹಾಕಿದಳು, ಕನ್ನಡಕವನ್ನು ತನ್ನ ಮುಖಕ್ಕೇ ಹಿಡಿದು ಬಲ ಯಾವುದೆಂದು ಮುಟ್ಟಿ ನೋಡಿದಳು. ಮುಗಿದ ಮೇಲೆ ಮಾಮ ಕೇಳದೆಯೇ ಅವರ ಕೈಗೆ ಕೊಟ್ಟಳು. ಅವರು ನೋಡಿ ಸರಿ ಎಂದು ತಲೆಯಾಡಿಸಿದರು. ಆಗ ಒಂದೂವರೆ ಗಂಟೆ.

ಕಾರ್ಖಾನೆಗೆ ಇಪ್ಪತ್ತು ನಿಮಿಷದ ದಾರಿ. ಹೇಳಬೇಕಾದ ಮಾತನ್ನು ನಡೆಯುತ್ತಲೇ ಜೋಡಿಸಿಕೊಂಡಳು. ಸಡಿಲ ಆಗಿತ್ತು, ಬಿಗಿ ಮಾಡಿದೀನಿ. ಅದು ಪೂರ್ತಿ ಸುಳ್ಳೇನಲ್ಲ. ಒಂದು ತಿರುಪು ನಿಜಕ್ಕೂ ಸಡಿಲವಾಗಿತ್ತು. ಅಪ್ಪ ಅಲ್ಲಿ ಎಲ್ಲರಿಗೂ, ನೂಲು ತರುವವನಿಗೂ ಸಹ, ಇದು ನನ್ನ ಮಗಳು ಮಾಡಿದ್ದು ಎಂದು ತೋರಿಸಿದ್ದಾನೆಂದು ಅವಳು ಬಲ್ಲಳು.

ಊಟ ಮುಗಿದಿತ್ತು. ಹೊಲಿಗೆ ಯಂತ್ರಗಳು ಇನ್ನೂ ಶುರುವಾಗಿರಲಿಲ್ಲ. ಉದ್ದನೆಯ ಕಟಿಂಗ್ ಮೇಜಿನ ಮೇಲೆ ಬಿಳಿ ಬಟ್ಟೆಯ ಪದರಗಳು ಹಾಸಿಕೊಂಡಿದ್ದವು. ದೊಡ್ಡ ಕತ್ತರಿಯನ್ನು ಹಿಡಿದು, ಬೆರಳು ತೂರಿಸಿ ಅದರ ಭಾರ ನೋಡುತ್ತಿದ್ದವಳು ಕಾಲರ್ ಅಕ್ಕ. ಹತ್ತು ವರ್ಷದಿಂದ ಕಾಲರ್ ಹೊಲಿಯುತ್ತಿದ್ದವಳು. ಇನ್ನು ಮುಂದೆ ಕತ್ತರಿ ಅವಳದು. ಅಪ್ಪ ಮೂಲೆಯಲ್ಲಿ ಇಸ್ತ್ರಿ ಮೇಜಿನ ಬಟ್ಟೆ ಬಿಗಿಯುತ್ತಿದ್ದ.

"ಬಾರೇ ಕನ್ನಡಕದವಳೇ," ಎಂದಳು ಕಾಲರ್ ಅಕ್ಕ. "ನಿಮ್ಮಪ್ಪನ್ನ ಕರ್ಕೊಂಡು ಹೋಗು. ಇಸ್ತ್ರಿ ಮಾಡ್ತೀನಿ ಅಂತ ಬೆಳಿಗ್ಗೆ ಕೋಟಿನ ಜೇಬನ್ನೇ ಸುಟ್ಟರು."

"ಸುಟ್ಟಿಲ್ಲ, ಸ್ವಲ್ಪ ಕೆಂಪಾಯ್ತು ಅಷ್ಟೇ," ಎಂದ ಅಪ್ಪ. "ಏನೇ ಬಂದೆ, ಕೆಲಸ ಬಿಟ್ಟು?"

"ಕನ್ನಡಕ ಸಡಿಲ ಆಗಿತ್ತಪ್ಪ. ಬಿಗಿ ಮಾಡಿದೀನಿ. ಹಾಕ್ಕೊಂಡು ನೋಡು."

"ಸಡಿಲ ಆಗಿರೋದು ಕನ್ನಡಕ ಅಲ್ಲ ಕಣೇ, ನಾನು." ಕಾಲರ್ ಅಕ್ಕ ನಕ್ಕಳು. ಅಪ್ಪನೂ ನಕ್ಕು ಮತ್ತೆ ಬಟ್ಟೆಯ ಮೂಲೆ ಎಳೆದ.

"ಒಂದ್ಸಲ ಹಾಕ್ಕೋ ಅಪ್ಪ."

"ಮನೇಲಿ ಹಾಕ್ಕೋತೀನಿ ಬಿಡು, ಪೇಪರ್ ಓದೋಕೆ. ಇಲ್ಲಿ ಬೇಡ. ಮಾತು ಕೊಟ್ಟಾಗಿದೆ. ಕಣ್ಣು ಹೋದವನು ಕತ್ತರಿ ಹಿಡಿದ್ರೆ ನಾಲ್ಕು ಜನ ಮತ್ತೆ ಕೂತು ಹೊಲಿಗೆ ಬಿಚ್ಚಬೇಕು."

ಗೋಡೆಯ ಗಡಿಯಾರ ಎರಡಕ್ಕೆ ಎಂಟು ನಿಮಿಷ ತೋರಿಸುತ್ತಿತ್ತು. ದಾರಿಯುದ್ದಕ್ಕೂ ಜೋಡಿಸಿದ ಮಾತಿನಲ್ಲಿ ಇನ್ನೇನೂ ಉಳಿದಿರಲಿಲ್ಲ.

"ನಿನ್ನ ಕಣ್ಣು ಹೋಗಿಲ್ಲ ಅಪ್ಪ. ನಾನು ತಪ್ಪು ಮಾಡಿದೆ. ಎಡದ ಗ್ಲಾಸು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಬಿಟ್ಟಿದ್ದೆ. ಹಾಕಿದ ದಿನದಿಂದ ಅದು ತಪ್ಪೇ ಇತ್ತು."

ಅಂದುಕೊಂಡದ್ದಕ್ಕಿಂತ ಜೋರಾಗಿ ಹೇಳಿದ್ದಳು. ಗುಂಡಿ ಹಾಕುವ ಹೆಂಗಸರು ತಲೆಯೆತ್ತಿದರು. ಕಾಲರ್ ಅಕ್ಕ ಕತ್ತರಿಯನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟಳು.

ಅಪ್ಪ ಬಟ್ಟೆಯ ಮೂಲೆಯನ್ನು ಬಿಡಲಿಲ್ಲ. ಅವನ ಕಿವಿಗಳು ಕೆಂಪಾದವು. ಬಯ್ಯುತ್ತಾನೆ ಎಂದು ಅವಳು ಕಾದಳು.

"ಬೇರೆ ಯಾರಿಗೂ ಹೀಗೆ ಮಾಡಿಲ್ಲ ತಾನೇ?" ಎಂದ.

"ಇಲ್ಲಪ್ಪ. ಉಳಿದದ್ದೆಲ್ಲ ಮಾಮ ಇನ್ನೊಂದ್ಸಲ ನೋಡೇ ಕೊಡೋದು. ನಿನ್ನದೊಂದು ತೋರಿಸಲಿಲ್ಲ."

"ಯಾಕೆ?"

"ಪೂರ್ತಿ ನಾನೇ ಮಾಡಿದೆ ಅಂತ ನಿನಗೆ ಹೇಳಬೇಕಿತ್ತು."

ಅಪ್ಪ ಕೈ ಚಾಚಿದ. ಅವಳು ಕನ್ನಡಕ ಕೊಟ್ಟಳು. ಅವನು ಅದನ್ನು ಹಾಕಿಕೊಂಡು ಯಾರನ್ನೂ ನೋಡಲಿಲ್ಲ. ತನ್ನ ಹೆಬ್ಬೆರಳನ್ನು ಹತ್ತಿರ ತಂದು, ದೂರ ಒಯ್ದು, ಮತ್ತೆ ಹತ್ತಿರ ತಂದು ಉಗುರನ್ನು ನೋಡಿದ. ಒಂದು ಸಲ ಮೂಗು ಸೀಟಿದ. ಆಮೇಲೆ ಕಟಿಂಗ್ ಮೇಜಿನ ಹತ್ತಿರ ಬಂದು ನಿಂತ.

"ಯಜಮಾನರು ಬಂದಮೇಲೆ ಕೇಳಿ ಮಾಸ್ಟರ್," ಎಂದಳು ಕಾಲರ್ ಅಕ್ಕ. ಅವಳ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ಈ ಪದರಗಳ ಹಾಸು ಹಾಕಿದ್ದು ನಾನು."

"ನಿನ್ನ ಹಾಸು ಮುಟ್ಟಲ್ಲಮ್ಮ. ಬರೀ ಕಾಗದ."

ಮೇಜಿನ ಕೆಳಗಿನಿಂದ ಕಂದು ಕಾಗದದ ಸುರುಳಿ ಎಳೆದು ಬಿಡಿಸಿದ. ಸೀಮೆಸುಣ್ಣದಲ್ಲಿ ಭುಜದ ಗುರುತು ಹಾಕಿದ, ಮುಂಗೈಯ ಗುರುತು ಹಾಕಿದ, ನಡುವೆ ಒಂದೇ ಉಸಿರಿಗೆ ಗೆರೆ ಎಳೆದ. ಕತ್ತರಿ ಹರಿಯಿತು. ಕತ್ತರಿಸಿದ ತೋಳಿನ ಕಾಗದವನ್ನು ಅಂಗೈಯಿಂದ ಸವರಿ ಹರಡಿ, ಕೊರಳಲ್ಲಿದ್ದ ಟೇಪನ್ನು ತೆಗೆದ. ಮಗಳು ಕೈ ಚಾಚಿದಳು. ಅವನು ಅದನ್ನು ಅವಳನ್ನು ದಾಟಿಸಿ ಕಾಲರ್ ಅಕ್ಕನ ಮುಂದೆ ಹಿಡಿದ.

"ನೀನು ಅಳೆದು ನೋಡಮ್ಮ."

"ನಾನಾ? ಮಗಳು ಇದಾಳಲ್ಲ."

"ಅವಳು ಬೇಡ. ನಾನೂ ಬೇಡ. ಇಪ್ಪತ್ನಾಲ್ಕು ಇಂಚು ಇರಬೇಕು. ಇಲ್ಲ ಅಂದ್ರೆ ಇಲ್ಲ ಅನ್ನು."

ಕಾಲರ್ ಅಕ್ಕ ಟೇಪಿನ ತುದಿಯನ್ನು ಭುಜದ ಗುರುತಿನ ಮೇಲೆ ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳನ್ನು ನಿಧಾನವಾಗಿ ಮುಂಗೈಯವರೆಗೆ ಸರಿಸಿದಳು. ಅಲ್ಲಿ ನಿಂತು ನೋಡಿದಳು. ಟೇಪನ್ನು ಎತ್ತಿ, ಕಾಗದದ ಸುಕ್ಕನ್ನು ಸರಿಮಾಡಿ, ಮತ್ತೆ ಭುಜದಿಂದ ಶುರುಮಾಡಿದಳು. ಮೇಜಿನ ಈಚೆಗೆ ಅಪ್ಪ, ಮಗಳು ಇಬ್ಬರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು.